ಕೊಡೋದಕ್ಕೆ ಇಂಗ್ಲಿಷ್‌ನಲ್ಲಿ ಎಷ್ಟು ಪದ? ಪದೇ ಪದೇ ಕೇಳೋ ಪ್ರಶ್ನೆಗಳು

ಸಂಜೆ ಹೊತ್ತು ದೊಡ್ಡೋರಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ. ಅಂಗಡಿ ಇಟ್ಕೊಂಡಿರೋರು, ಪಂಚಾಯ್ತಿ ಆಫೀಸಲ್ಲಿ ಇರೋರು, ಮಗನ ಮನೆಗೆ ಅಂತ ಫಾರಿನ್‌ಗೆ ಹೊರಟಿರೋ ಅಮ್ಮಂದಿರು, ಎಲ್ಲಾರೂ ಬರ್ತಾರೆ. ಐದಾರು ವರ್ಷದಿಂದ ನೋಡ್ತಿದೀನಿ, ಜನ ಜಾಸ್ತಿ ಎಡವೋದು ದೊಡ್ಡ ದೊಡ್ಡ ಪದಗಳಲ್ಲಿ ಅಲ್ವೇ ಅಲ್ಲ, "ಕೊಡು" ಅನ್ನೋ ಒಂದು ಪದ ಇಂಗ್ಲಿಷ್‌ಗೆ ಹೋದಾಗ ಇಪ್ಪತ್ತಾಗುತ್ತಲ್ಲ, ಅಲ್ಲಿ. ಅದೇ ಪ್ರಶ್ನೆಗಳಿಗೆ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿ ಈ ಸಲ ಒಂದೇ ಕಡೆ ಹಾಕ್ತಿದೀನಿ.

ಪ್ರ: ಕೊಡು ಅಂದ್ರೆ ಗಿವ್. ಅಷ್ಟೇ ತಾನೇ? ಉಳಿದಿದ್ದೆಲ್ಲ ಯಾಕೆ ಬೇಕು?

ಗಿವ್ ಅಂದ್ರೆ ಎಲ್ಲಾರಿಗೂ ಅರ್ಥ ಆಗುತ್ತೆ, ಕೆಲಸಾನೂ ನಡೆಯುತ್ತೆ. ಆದ್ರೆ ಬೇರೆ ಪದಗಳು ಇನ್ನೊಂದಷ್ಟು ವಿಷಯ ಹೊತ್ಕೊಂಡು ಬರ್ತವೆ. ಕೊಟ್ಟಿದ್ದು ವಾಪಸ್ ಬರುತ್ತಾ ಇಲ್ವಾ? ಕೊಟ್ಟೋರು ಮೇಲಿದಾರಾ, ಸಮಾನರಾ? ಬದುಕಿದ್ದಾಗ ಕೊಟ್ರಾ, ಸತ್ತ ಮೇಲೆ ಸೇರ್ಲಿ ಅಂತ ಬರೆದಿಟ್ರಾ? ಈ ಮೂರು ಕೇಳ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ. ವಾಪಸ್ ಬರೋದಾದ್ರೆ ಲೆಂಡ್, ಬಾರದೇ ಇದ್ರೆ ಗಿಫ್ಟ್ ಇಲ್ಲಾ ಡೊನೇಟ್, ಸರ್ಕಾರ ಕೊಟ್ರೆ ಗ್ರಾಂಟ್, ಯೂನಿವರ್ಸಿಟಿ ಪದವಿ ಕೊಟ್ರೆ ಕನ್ಫರ್, ತಾತ ಉಯಿಲಲ್ಲಿ ಬರೆದಿಟ್ರೆ ಬಿಕ್ವೀತ್.

ಇದೇನು ಇಂಗ್ಲಿಷ್‌ನ ದೊಡ್ಡಸ್ತಿಕೆ ಅಂದ್ಕೋಬೇಡಿ. ನಮ್ಮಲ್ಲೂ ದೇವರಾದ್ರೆ ಕರುಣಿಸ್ತಾನೆ, ಮಂತ್ರಿಯಾದ್ರೆ ಪ್ರದಾನ ಮಾಡ್ತಾರೆ, ಭಕ್ತ ಅರ್ಪಿಸ್ತಾನೆ, ಅಮ್ಮ ಬಡಿಸ್ತಾಳೆ, ಉತ್ತರ ಕರ್ನಾಟಕದ ಕಡೆ ಊಟ "ನೀಡ್ತಾರೆ". ಹಳೇ ತಮಿಳು ವ್ಯಾಕರಣ ತೊಲ್ಕಾಪ್ಪಿಯಂ ಇನ್ನೂ ಕರಾರುವಾಕ್ಕು, ಕೆಳಗಿನೋನು ಕೇಳುವಾಗ "ಈ" ಅನ್ಬೇಕಂತೆ, ಸಮಾನರಾದ್ರೆ "ತಾ", ಮೇಲಿನೋನಾದ್ರೆ "ಕೊಡು", ಮೂರಕ್ಕೂ ಅರ್ಥ ಒಂದೇ. ಹಾಗಾಗಿ ಯಾರು ಮೇಲೆ ಯಾರು ಕೆಳಗೆ ಅನ್ನೋ ಲೆಕ್ಕ ಕೊಡೋ ಪದದೊಳಗೆ ಸೇರ್ಕೊಳ್ಳೋದು ನಮ್ಮ ಕಡೆಗೆ ಹೊಸದೇನಲ್ಲ.

ಪ್ರ: ಲೆಂಡ್, ಬಾರೋ ಎರಡೂ ಯಾವಾಗ್ಲೂ ಉಲ್ಟಾ ಆಗುತ್ತೆ ಸಾರ್, ಏನ್ಮಾಡ್ಲಿ?

ನಮಗೆ ಸಾಲ ಅನ್ನೋ ಹೆಸರು ಒಂದೇ. ಸಾಲ ಕೊಡೋದು, ಸಾಲ ತಗೊಳ್ಳೋದು, ಹಿಂದೆ ಕ್ರಿಯಾಪದ ಬದಲಾಯಿಸಿದ್ರೆ ಮುಗೀತು. ಇಂಗ್ಲಿಷ್‌ನಲ್ಲಿ ಹೋಗೋದಕ್ಕೊಂದು ಬರೋದಕ್ಕೊಂದು ಬೇರೆ ಪದ. ನಾನು ಕ್ಲಾಸಲ್ಲಿ ಹೇಳೋದು ಇಷ್ಟೇ, ದುಡ್ಡನ್ನ ನಮ್ಮ ಕಡೆಗೆ "ಬಾರೋ ಬಾರೋ" ಅಂತ ಕರೆದ್ರೆ ಅದು ಬಾರೋ. ಒಂದ್ಸಲ ನಕ್ಕಿದ್ದಾದ್ಮೇಲೆ ಯಾರೂ ಮರೆತಿಲ್ಲ. ಫ್ರೆಂಡ್ ಹತ್ರ ಐನೂರು ಕೇಳ್ಬೇಕಂದ್ರೆ "ಕ್ಯಾನ್ ಯು ಲೆಂಡ್ ಮಿ" ಇಲ್ಲಾ "ಕ್ಯಾನ್ ಐ ಬಾರೋ", ಎರಡರಲ್ಲಿ ಒಂದು. "ಕ್ಯಾನ್ ಯು ಬಾರೋ ಮಿ" ಅಂದ್ರೆ ನನ್ನನ್ನೇ ಸಾಲಕ್ಕೆ ತಗೋ ಅಂದಂಗಾಗುತ್ತೆ.

ಕೈಗಡಕ್ಕೆ "ಹ್ಯಾಂಡ್ ಲೋನ್" ಅಂತೀವಲ್ಲ, ನಮ್ಮ ದೇಶದಲ್ಲಿ ಓಕೆ, ಕೋರ್ಟು ಕಾಗದದಲ್ಲೂ ಬರುತ್ತೆ. ಲಂಡನ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಹೇಳಿದ್ರೆ ಪಾಪ ಅವರು ಕೈ ನೋಡ್ಕೋತಾರೆ.

ಪ್ರ: ಮನೆ ಬಾಡಿಗೆಗೆ ಕೊಡೋದು ರೆಂಟಾ, ಲೆಟ್ಟಾ, ಲೀಸಾ?

ಗೇಟಿಗೆ ನೇತಾಕಿರೋ ಟು ಲೆಟ್ ಬೋರ್ಡಲ್ಲಿ ಲೆಟ್ ಅಂದ್ರೆ ಬಾಡಿಗೆಗೆ ಕೊಡೋದು, ಬ್ರಿಟಿಷರ ಬಳಕೆ, ಅಮೆರಿಕದಲ್ಲಿ ಫಾರ್ ರೆಂಟ್ ಅಂತ ಹಾಕ್ತಾರೆ. ರೆಂಟ್ ಅನ್ನೋದು ಕೊಡೋರಿಗೂ ತಗೊಳ್ಳೋರಿಗೂ ಆಗುತ್ತೆ, ಅನುಮಾನ ಬರಬಾರ್ದು ಅಂದ್ರೆ ಓನರ್ ಆದೋರು "ರೆಂಟ್ ಔಟ್" ಅನ್ನಿ.

ಲೀಸ್ ಮಾತ್ರ ಹುಷಾರು. ಬೆಂಗಳೂರಲ್ಲಿ ಲೀಸ್ ಅಂದ್ರೆ ಭೋಗ್ಯ, ಅಂದ್ರೆ ಒಂದೇ ಸಲ ಹತ್ತೋ ಹದಿನೈದೋ ಲಕ್ಷ ಓನರ್ ಕೈಗೆ ಇಟ್ಟು, ತಿಂಗಳ ಬಾಡಿಗೆ ಇಲ್ದೆ ಎರಡು ಮೂರು ವರ್ಷ ಇದ್ದು, ಖಾಲಿ ಮಾಡೋವಾಗ ಅಷ್ಟೂ ದುಡ್ಡು ವಾಪಸ್ ಇಸ್ಕೊಳ್ಳೋದು, ಬಡ್ಡಿನೇ ಬಾಡಿಗೆ. ಹೊರದೇಶದಲ್ಲಿ ಲೀಸ್ ಅಂದ್ರೆ ಬರೀ ಬಾಡಿಗೆ ಕರಾರು. ನನ್ನ ಹತ್ರ ಕಲಿತ ಒಬ್ಬರು ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಅಳಿಯ ಮನೆ ಲೀಸ್‌ಗೆ ಹಿಡ್ಕೊಂಡಿದಾನೆ ಅಂತ ಕೇಳಿ "ಪರವಾಗಿಲ್ಲ, ಅಷ್ಟೊಂದು ದುಡ್ಡು ಕೂಡಿಟ್ಟಿದಾನೆ" ಅಂತ ಒಂದು ವಾರ ಖುಷಿಯಾಗಿದ್ರಂತೆ.

ಪ್ರ: ಗಿಫ್ಟ್‌ಗೂ ಡೊನೇಷನ್‌ಗೂ ಏನು ವ್ಯತ್ಯಾಸ? ದಾನಪತ್ರನ ಯಾಕೆ ಗಿಫ್ಟ್ ಡೀಡ್ ಅಂತಾರೆ?

ಮಾಮೂಲಿ ಮಾತಲ್ಲಿ ಗಿಫ್ಟ್ ಅಂದ್ರೆ ಗೊತ್ತಿರೋ ಮನುಷ್ಯನಿಗೆ, ಡೊನೇಷನ್ ಅಂದ್ರೆ ಸಂಸ್ಥೆಗೋ ಒಳ್ಳೇ ಕೆಲಸಕ್ಕೋ. ತಂಗಿ ಹುಟ್ಟುಹಬ್ಬಕ್ಕೆ ಸೀರೆ ಡೊನೇಟ್ ಮಾಡ್ದೆ ಅಂದ್ರೆ ತಂಗಿ ಒಂದು ವರ್ಷ ಮಾತಾಡ್ಸಲ್ಲ. ರಕ್ತ, ಕಣ್ಣು, ಅಂಗಾಂಗಕ್ಕೆ ಡೊನೇಟ್. ರಕ್ತಕ್ಕೆ ಮಾತ್ರ ಬ್ರಿಟನ್‌ನಲ್ಲಿ "ಗಿವ್ ಬ್ಲಡ್" ಅಂತಾನೂ ಸಲೀಸಾಗಿ ಅಂತಾರೆ.

ಕಾನೂನಿನ ಭಾಷೆಯಲ್ಲಿ ಗಿಫ್ಟ್‌ಗೆ ಬಿಗಿಯಾದ ಅರ್ಥ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಸೆಕ್ಷನ್ 122ರ ಪ್ರಕಾರ ಸ್ವಂತ ಇಷ್ಟದಿಂದ, ಪ್ರತಿಯಾಗಿ ಏನೂ ತಗೊಳ್ದೆ ಕೊಡ್ಬೇಕು, ತಗೊಳ್ಳೋನು ಒಪ್ಕೊಳ್ಳಬೇಕು, ಅದೂ ಕೊಡೋನು ಬದುಕಿರೋವಾಗಲೇ. ಮನೆ ಜಮೀನಾದ್ರೆ ರಿಜಿಸ್ಟರ್ ಆಗ್ಬೇಕು, ಕನಿಷ್ಠ ಇಬ್ಬರು ಸಾಕ್ಷಿ ಇರ್ಬೇಕು, ಅದು ಸೆಕ್ಷನ್ 123. ಇದನ್ನೇ ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ದಾನಪತ್ರ ಅಂತಾರೆ. ಅಪ್ಪ ಮಗಳಿಗೆ ಸೈಟು ಬರೆದುಕೊಟ್ರೂ ದಾನಪತ್ರಾನೇ, "ನಾನೇನು ಭಿಕ್ಷುಕೀನಾ ದಾನ ತಗೊಳ್ಳೋಕೆ" ಅಂತ ಒಬ್ಬ ಹೆಣ್ಮಗಳು ಸಿಟ್ಟಾಗಿದ್ದು ನಾನೇ ನೋಡಿದೀನಿ. ದಾನ ಅನ್ನೋ ಪದಕ್ಕೆ ನಮ್ಮಲ್ಲಿ ಪುಣ್ಯದ ವಾಸನೆ, ಗಿಫ್ಟ್‌ಗೆ ಹುಟ್ಟುಹಬ್ಬದ ವಾಸನೆ, ಕಾಯ್ದೆಗೆ ಎರಡೂ ಸಂಬಂಧ ಇಲ್ಲ.

ಪ್ರ: "ಹಿ ಗಿಫ್ಟೆಡ್ ಮಿ ಎ ವಾಚ್" ಅನ್ನೋದು ತಪ್ಪಾ?

ಇಲ್ಲ. ಗಿಫ್ಟ್‌ನ ಕ್ರಿಯಾಪದ ಮಾಡಿದ್ದು ಇಂಡಿಯನ್ನರು ಅಂತ ಕೆಲವರು ಮೂಗು ಮುರೀತಾರೆ, ಆದ್ರೆ ಇಂಗ್ಲಿಷರೇ ನೂರಾರು ವರ್ಷದಿಂದ ಹಾಗೆ ಬಳಸಿದಾರೆ. ಅಲ್ಲಿ ದಿನಬಳಕೆಗೆ "ಗೇವ್ ಮಿ" ಅನ್ನೋದೇ ಜಾಸ್ತಿ, ಅಷ್ಟೇ. ಡೊನೇಟ್ ಜೊತೆ ಮಾತ್ರ ಹಾಗೆ ಆಗಲ್ಲ. "ಡೊನೇಟ್ ಮಿ ಫೈವ್ ಹಂಡ್ರೆಡ್" ತಪ್ಪು, ಡೊನೇಟ್ ಆದ್ಮೇಲೆ ವಸ್ತು ಬರ್ಬೇಕು, ಆಮೇಲೆ ಟು.

ಪ್ರ: ನಮ್ಮಲ್ಲಿ ಡೊನೇಷನ್ ಅಂದ್ರೆ ಸ್ಕೂಲು ಕಾಲೇಜಲ್ಲಿ ಕಿತ್ಕೊಳ್ಳೋದು. ಇದು ಹೇಗೆ?

ಹ್ಮ್, ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಇಂಗ್ಲಿಷ್ ಡಿಕ್ಷನರಿ ಪ್ರಕಾರ ಡೊನೇಷನ್ ಅಂದ್ರೆ ಮನಸಾರೆ ಕೊಟ್ಟಿದ್ದು, ನಮ್ಮ ಕಡೆ "ಎಷ್ಟು ಡೊನೇಷನ್ ಕೇಳ್ತಿದಾರೆ?" ಅನ್ನೋದೇ ಮೊದಲ ಮಾತು. ಕೇಳಿ ಇಸ್ಕೊಂಡಿದ್ದು ದೇಣಿಗೆ ಹೇಗಾಯ್ತು ಅಂತ ಯಾರೂ ಯೋಚ್ನೆ ಮಾಡಲ್ಲ. ಕಾನೂನಲ್ಲಿ ಇದರ ಹೆಸರು ಕ್ಯಾಪಿಟೇಷನ್ ಫೀ, ಲ್ಯಾಟಿನ್‌ನಲ್ಲಿ ತಲೆ ಅನ್ನೋ ಪದದಿಂದ ಬಂದಿದ್ದು, ತಲೆಗಿಷ್ಟು ಅಂತ. ಕರ್ನಾಟಕದಲ್ಲಿ ಇದನ್ನ ನಿಷೇಧಿಸಿ 1984ರಲ್ಲೇ ಕಾಯ್ದೆ ಬಂತು. 1992ರಲ್ಲಿ ಮೋಹಿನಿ ಜೈನ್ ಕೇಸಲ್ಲಿ, ಎದುರು ಪಾರ್ಟಿ ಕರ್ನಾಟಕ ರಾಜ್ಯಾನೇ, ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಫೀ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ರಸೀದಿಯಲ್ಲಿ ಕ್ಯಾಪಿಟೇಷನ್ ಅಂತ ಬರೆಯೋಕಾಗಲ್ವಲ್ಲ, ಹಾಗಾಗಿ ಬಿಲ್ಡಿಂಗ್ ಫಂಡ್, ಡೊನೇಷನ್. ನನ್ನ ಮಗನ ಅಡ್ಮಿಷನ್‌ಗೆ ಅಂತ ಹೋದಾಗ ನಾನೂ ಒಂದು ಕಡೆ "ವಾಲಂಟರಿ ಡೊನೇಷನ್" ಅಂತ ಛಾಪಿಸಿರೋ ರಸೀದಿ ತಗೊಂಡು ಬಂದಿದೀನಿ, ಇಷ್ಟೇ ಕಟ್ಬೇಕು ಅಂತ ಅವರೇ ಪೆನ್ಸಿಲ್ಲಲ್ಲಿ ಬರೆದು ತೋರಿಸಿದ್ರು.

ಹಾಗಾಗಿ ಹೊರದೇಶದೋರ ಹತ್ರ "ಐ ಪೇಯ್ಡ್ ಡೊನೇಷನ್ ಟು ದ ಕಾಲೇಜ್" ಅಂದ್ರೆ ನಿಮ್ಮನ್ನ ದಾನಶೂರ ಕರ್ಣ ಅಂದ್ಕೋತಾರೆ. ಅಲ್ಲಿ ಡೊನೇಷನ್ ಜೊತೆ ಮೇಕ್ ಬರುತ್ತೆ, ಪೇ ಬರಲ್ಲ. ನಮ್ಮ ಬಾಯಲ್ಲಿ ಪೇ ಬರುತ್ತಲ್ಲ, ಅಲ್ಲೇ ನಿಜ ಗೊತ್ತಾಗ್ಬಿಡುತ್ತೆ.

ಪ್ರ: ಗ್ರಾಂಟ್ ಅಂದ್ರೆ ಸರ್ಕಾರಿ ದುಡ್ಡು ಮಾತ್ರಾನಾ?

ಕೊಡೋ ಅಧಿಕಾರ ಇರೋರು, ಕೇಳ್ಕೊಂಡೋರಿಗೆ, ಆಗ್ಲಿ ಅಂತ ಒಪ್ಪಿ ಕೊಡೋದು ಗ್ರಾಂಟ್. ಹಾಗಾಗಿ ದುಡ್ಡೂ ಆಗುತ್ತೆ, ಜಮೀನೂ ಆಗುತ್ತೆ, ರಜಾನೂ ಆಗುತ್ತೆ, ಬೇಲೂ ಆಗುತ್ತೆ. ರಜಾ ಅರ್ಜಿಯಲ್ಲಿ "ಗ್ರಾಂಟ್ ಮಿ ಲೀವ್" ಅಂತ ಎಲ್ಲಾರೂ ಬರೆದಿರ್ತೀವಿ. ಅನುದಾನಿತ ಶಾಲೆ, ಮಂಜೂರಾತಿ ಜಮೀನು, ದರಖಾಸ್ತು ಹಾಕಿ ಸಿಕ್ಕಿದ್ದು, ಎಲ್ಲಾ ಇದೇ ಜಾತಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಬೇರೆಯೋರ ಪಾಲಾಗಬಾರ್ದು ಅಂತ ಕರ್ನಾಟಕದಲ್ಲಿ 1978ರ ಕಾಯ್ದೆ ಇದೆ, ಪಿಟಿಸಿಎಲ್ ಅಂತಾರಲ್ಲ, ಅದರಲ್ಲಿ "ಗ್ರಾಂಟೆಡ್ ಲ್ಯಾಂಡ್" ಅನ್ನೋ ಎರಡು ಪದದ ಮೇಲೇನೇ ಇಡೀ ಕೇಸು ನಿಲ್ಲುತ್ತೆ.

ಶಾಸನಗಳ ಅನುವಾದ ಓದೋರಿಗೂ ಗ್ರಾಂಟ್ ಸಿಗ್ತಾನೇ ಇರುತ್ತೆ. ಹಲ್ಮಿಡಿ ಶಾಸನ, ಸುಮಾರು 450ನೇ ಇಸವಿದು, ಅದೇ ಕೊಟ್ಟಿದ್ದಕ್ಕೆ ಬರೆಸಿದ ಕಾಗದ, ಅಂದ್ರೆ ಕಲ್ಲು. ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಅಂತ ಎರಡು ಊರು "ಕೊಟ್ಟಾರ್" ಅಂತ ಇದೆ. ಈಗ್ಲೂ ನಾವು ಕೊಟ್ಟಾರು, ಕೊಟ್ರು ಅಂತೀವಿ, ಒಂದೂವರೆ ಸಾವಿರ ವರ್ಷ ಆದ್ರೂ ಆ ಪದ ಅಲ್ಲಾಡಿಲ್ಲ. ಯುದ್ಧದಲ್ಲಿ ಸತ್ತೋನ ಮನೆಯೋರಿಗೆ ಕೊಡ್ತಿದ್ದ ಜಮೀನು ನೆತ್ತರುಗೊಡಗೆ, ಕೆರೆ ನೋಡ್ಕೊಳ್ಳೋರಿಗೆ ಕೆರೆಗೊಡಗೆ. ಇವನ್ನೆಲ್ಲ ಇಂಗ್ಲಿಷ್‌ನೋರು ಲ್ಯಾಂಡ್ ಗ್ರಾಂಟ್ ಅಂತ ಒಂದೇ ಡಬ್ಬಕ್ಕೆ ಹಾಕ್ತಾರೆ, ಇಲ್ಲಿ ಕನ್ನಡದ್ದೇ ಸೂಕ್ಷ್ಮ ಜಾಸ್ತಿ. ಅದೇ ಕೊಡಗೆ ಇವತ್ತು ಕೊಡುಗೆ ಆಗಿ "ದೀಪಾವಳಿ ವಿಶೇಷ ಕೊಡುಗೆ, ಎರಡು ಪ್ಯಾಂಟಿಗೆ ಒಂದು ಶರ್ಟ್ ಫ್ರೀ" ಅಂತ ಬ್ಯಾನರ್ ಮೇಲೆ ಕೂತಿದೆ.

ಪ್ರ: ಎಂಡೋ ಅಂದ್ರೆ?

ಮೂಲಧನ ಇಟ್ಟು, ಅದರ ಆದಾಯದಲ್ಲಿ ಸಂಸ್ಥೆ ನಡ್ಕೊಂಡು ಹೋಗ್ಲಿ ಅಂತ ಕೊಡೋದು. ದತ್ತಿನಿಧಿ, ದತ್ತಿ ಉಪನ್ಯಾಸ ಅಂತೀವಲ್ಲ, ಅದು. 1909ರಲ್ಲಿ ಶುರುವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಳ್ಳೇ ಉದಾಹರಣೆ, ಜೆಮ್‌ಶೆಟ್‌ಜಿ ಟಾಟಾ ಆಸ್ತಿ ತೆಗೆದಿಟ್ಟಿದ್ದು ಎಂಡೋಮೆಂಟ್, ಮೈಸೂರು ಸಂಸ್ಥಾನ ಸುಮಾರು 370 ಎಕರೆ ಜಾಗ ಕೊಟ್ಟಿದ್ದು ಗ್ರಾಂಟ್. ಹಳೇ ಬೆಂಗಳೂರಿನೋರು ಟಾಟಾ ಇನ್‌ಸ್ಟಿಟ್ಯೂಟ್ ಅಂತಾನೇ ಅನ್ನೋದು, ಜಾಗ ಕೊಟ್ಟೋರ ಹೆಸರು ಜನರ ಬಾಯಲ್ಲಿ ಉಳೀಲಿಲ್ಲ ನೋಡಿ.

ಪ್ರ: ಕನ್ಫರ್, ಬಿಸ್ಟೋ, ಅವಾರ್ಡ್, ಪ್ರೆಸೆಂಟ್, ಎಲ್ಲಾ ಪ್ರಶಸ್ತಿ ಕೊಡೋದೇ ಅಲ್ವಾ?

ಹತ್ತಿರ ಹತ್ತಿರ. ಪದವಿ, ಬಿರುದು ಕನ್ಫರ್ ಮಾಡ್ತಾರೆ, ಕೈಗೆ ಸಿಗೋ ಫಲಕ ಪ್ರೆಸೆಂಟ್ ಮಾಡ್ತಾರೆ, ತೀರ್ಪುಗಾರರು ಆರಿಸಿದ್ರೆ ಅವಾರ್ಡ್. ಬಿಸ್ಟೋ ಅನ್ನೋದು ದಯಪಾಲಿಸೋದು, ಆಫೀಸ್ ಮೇಲ್‌ನಲ್ಲಿ ಹಾಕಿದ್ರೆ ನಾಟಕದ ಡೈಲಾಗ್ ಥರ ಇರುತ್ತೆ, ಬಿಟ್ಬಿಡಿ. ಪ್ರೆಸೆಂಟ್‌ನ ಉಚ್ಚಾರಣೆ ನೋಡ್ಕೊಳ್ಳಿ, ಉಡುಗೊರೆ ಆದ್ರೆ ಒತ್ತು ಮೊದಲ ಅಕ್ಷರಕ್ಕೆ, ಕೊಡೋದಾದ್ರೆ ಎರಡನೇದಕ್ಕೆ.

ಅವಾರ್ಡ್ ಅಂದ್ರೆ ಮೂಲದಲ್ಲಿ ತೀರ್ಪು. ರಸ್ತೆಗೋ ಲೇಔಟ್‌ಗೋ ಜಮೀನು ಕಳ್ಕೊಂಡ ರೈತರನ್ನ ಕೇಳಿ, "ಅವಾರ್ಡ್ ಆಯ್ತು" ಅಂದ್ರೆ ಪರಿಹಾರ ಇಷ್ಟು ಅಂತ ನಿಗದಿ ಆಯ್ತು ಅಂತ, ಐತೀರ್ಪು ಅಂತ ನೋಟಿಸಲ್ಲಿ ಬರೆದಿರುತ್ತೆ. ಹಾರ ಶಾಲು ಏನೂ ಇರಲ್ಲ ಆ ಅವಾರ್ಡ್‌ಗೆ.

ಪ್ರ: ಬಿಕ್ವೀತ್‌ಗೂ ಗಿಫ್ಟ್‌ಗೂ?

ಗಿಫ್ಟ್ ಬದುಕಿದ್ದಾಗ ಕೈ ಬದಲಾಗುತ್ತೆ, ಬಿಕ್ವೀತ್ ಮಾಡಿದ್ದು ಸತ್ತ ಮೇಲೆ. ಇದರೊಳಗೆ "ಕೊಡು" ಇಲ್ವೇ ಇಲ್ಲ, ಹಳೇ ಇಂಗ್ಲಿಷ್‌ನಲ್ಲಿ "ಹೇಳು" ಅನ್ನೋ ಪದದಿಂದ ಬಂದಿದ್ದು, ಹೇಳಿ ಹೋಗೋದು ಅಂತ. ನಮ್ಮ ಉಯಿಲು ಇಂಗ್ಲಿಷ್‌ನ ವಿಲ್‌ನಿಂದಾನೇ ಬಂದಿದ್ದು, ಎಷ್ಟು ಒಗ್ಗಿದೆ ಅಂದ್ರೆ ಹೊರಗಿನ ಪದ ಅಂತಾನೇ ಅನ್ಸಲ್ಲ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕು, ರಿಜಿಸ್ಟರ್ ಮಾಡ್ಲೇಬೇಕು ಅಂತಿಲ್ಲ.

ಪ್ಲೆಜ್ ಅನ್ನೋದು ಇನ್ನೊಂದು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್, ಇಬ್ಬರ ಕಣ್ಣೂ ದಾನ ಆಯ್ತು, ಅಪ್ಪು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಕೊಡ್ತೀನಿ ಅಂತ ಮುಂಚೆನೇ ಬರೆದುಕೊಡೋದು ಪ್ಲೆಜ್, ಕೊಟ್ಟಾಗ ಡೊನೇಟ್. ಅದೇ ಪ್ಲೆಜ್ ಬ್ಯಾಂಕಿಗೆ ಹೋದ್ರೆ ಒಡವೆ ಅಡ ಇಡೋದು. ಕಣ್ಣು ಪ್ಲೆಜ್ ಮಾಡಿದೀನಿ ಅಂದಾಗ ನಮ್ಮತ್ತೆ ಗಾಬರಿಯಾಗಿದ್ದು ಅದಕ್ಕೇ.

ಪ್ರ: ಡೋನರ್, ಡೋನೀ, ಲೆಸರ್, ಲೆಸೀ. ಯಾರು ಯಾರು?

ಕೊನೆಗೆ "ಅರ್" ಬಂದ್ರೆ ಕೊಡೋನು, "ಈ" ಬಂದ್ರೆ ತಗೊಳ್ಳೋನು. ಎಲ್ಲಾ ಕಡೆ ನಡೆಯುತ್ತೆ, ಮಾರ್ಟ್‌ಗೇಜ್‌ನಲ್ಲಿ ಮಾತ್ರ ಜನ ತಲೆ ಕೆರ್ಕೋತಾರೆ, ಯಾಕಂದ್ರೆ ಮಾರ್ಟ್‌ಗೇಜರ್ ಅಂದ್ರೆ ಸಾಲ ಕೊಟ್ಟ ಬ್ಯಾಂಕ್ ಅಲ್ಲ, ಸಾಲ ತಗೊಂಡ ನೀವು. ಮನೆ ಪತ್ರ ಕೊಟ್ಟಿದ್ದು ನೀವಲ್ವಾ?

ಪ್ರ: "ಗಿವ್ ಮಿ ಎ ಹ್ಯಾಂಡ್" ಅಂದ್ರೆ ಕೈ ಕೊಡು ಅಂತಾನಾ?

ಅಕ್ಷರಕ್ಕೆ ಹೌದು, ಅರ್ಥಕ್ಕೆ ಪೂರ್ತಿ ಉಲ್ಟಾ. ಅವರಲ್ಲಿ ಕೈ ಕೊಟ್ರೆ ಸಹಾಯ ಮಾಡಿದಂಗೆ, ನಮ್ಮಲ್ಲಿ ಕೈ ಕೊಟ್ಟ ಅಂದ್ರೆ ನಡುನೀರಲ್ಲಿ ಬಿಟ್ಟು ಹೋದ. ಮಳೆ ಕೈ ಕೊಡ್ತು, ಬೈಕು ಕೈ ಕೊಡ್ತು, ಹುಡುಗಿ ಕೈ ಕೊಟ್ಲು. ಸಭೆಯಲ್ಲಿ "ಗಿವ್ ಹಿಮ್ ಎ ಬಿಗ್ ಹ್ಯಾಂಡ್" ಅಂದ್ರೆ ಚಪ್ಪಾಳೆ. ಮಾತು ಕೊಡೋದು ಮಾತ್ರ ಎರಡು ಭಾಷೆಯಲ್ಲೂ ಒಂದೇ, ಗಿವ್ ಮೈ ವರ್ಡ್.

ನಾವು ಕೊಡು ಅನ್ನೋ ಎಷ್ಟೋ ಕಡೆ ಇಂಗ್ಲಿಷ್‌ನಲ್ಲಿ ಗಿವ್ ಕೂರಲ್ಲ. ಅಂಗಡಿಗೆ ದುಡ್ಡು ಕೊಡೋದು ಪೇ, ಪೊಲೀಸ್ ಕಂಪ್ಲೇಂಟ್ ಕೊಡೋದು ಲಾಡ್ಜ್ ಇಲ್ಲಾ ಫೈಲ್, ಹೇಳ್ಕೊಡೋದು ಟೀಚ್, ಬಿಟ್ಟುಕೊಡೋದು ಸಂದರ್ಭ ನೋಡಿ ಗಿವ್ ಅಪ್ ಅಥವಾ ಗಿವ್ ವೇ. "ಮಗಳನ್ನ ಹಾಸನಕ್ಕೆ ಕೊಟ್ಟಿದೀವಿ" ಅನ್ನೋದನ್ನಂತೂ ದಯವಿಟ್ಟು ಗಿವ್ ಹಾಕಿ ಹೇಳ್ಬೇಡಿ, ಕೇಳಿದೋರು ಹೆದರ್ಕೋತಾರೆ.

ಪ್ರ: ಆಫೀಸಲ್ಲಿ ನಾರ್ತ್ ಕಡೆಯೋರು "ಗಿವ್ ದ ಎಕ್ಸಾಮ್" ಅಂತಾರೆ, ನಾವು "ರೈಟ್ ದ ಎಕ್ಸಾಮ್" ಅಂತೀವಿ. ಯಾವುದು ಸರಿ?

ಹಿಂದಿಯಲ್ಲಿ ಪರೀಕ್ಷೆ ಕೊಡ್ತಾರೆ, ಕನ್ನಡದಲ್ಲಿ ಬರೀತೀವಿ, ಇಬ್ಬರೂ ಮನೆ ಭಾಷೆನೇ ಇಂಗ್ಲಿಷ್‌ಗೆ ಎಳ್ಕೊಂಡು ಬಂದಿದೀವಿ. ಇಂಗ್ಲೆಂಡಿನೋರಿಗೆ ಟೇಕ್ ಇಲ್ಲಾ ಸಿಟ್, ಅಮೆರಿಕದೋರಿಗೆ ಟೇಕ್. ಅವರ ಪ್ರಕಾರ ಎಕ್ಸಾಮ್ ಗಿವ್ ಮಾಡೋದು ಮೇಷ್ಟ್ರು. ಇಂಟರ್‌ವ್ಯೂನಲ್ಲಿ ಟೇಕ್ ಅನ್ನಿ, ಕ್ಯಾಂಟೀನಲ್ಲಿ ಏನಾದ್ರೂ ಅನ್ನಿ.

ಪ್ರ: ನಮ್ಮ ದಾನ, ಅವರ ಡೊನೇಟ್, ಎರಡೂ ಒಂದೇ ಪದಾನಾ?

ಒಂದೇ ಬೇರು. ಸಂಸ್ಕೃತದ "ದಾ", ಲ್ಯಾಟಿನ್‌ನ "ದಾರೆ", ಗ್ರೀಕ್‌ನ ಕೊಡು, ಎಲ್ಲಾ ಒಂದೇ ಹಳೇ ಮೂಲದಿಂದ ಬಂದವು. ನಮ್ಮ "ಕೊಡು" ಈ ಬಳಗಕ್ಕೆ ಸೇರಲ್ಲ, ಅದು ದ್ರಾವಿಡದ್ದು.

ಈ ಬೇರು ಎಲ್ಲೆಲ್ಲಿ ಚಿಗುರಿದೆ ಅಂತ ನೋಡಿದ್ರೆ ಮಜಾ ಇದೆ. ಡೇಟಾ ಅಂದ್ರೆ ಲ್ಯಾಟಿನ್‌ನಲ್ಲಿ "ಕೊಟ್ಟಿದ್ದು", ಕನ್ನಡದ ದತ್ತಾಂಶದಲ್ಲಿ ಇರೋ ದತ್ತ ಅಂದ್ರೂ "ಕೊಟ್ಟಿದ್ದು", ಯಾರು ಅನುವಾದ ಮಾಡಿದ್ರೋ ಅವರಿಗೊಂದು ನಮಸ್ಕಾರ. ಡೇಟ್ ಅಂದ್ರೆ ತಾರೀಖು ಹೇಗಾಯ್ತು ಅಂದ್ರೆ ರೋಮನ್ನರು ಪತ್ರದಲ್ಲಿ ಇಂಥಾ ದಿನ ಇಂಥಾ ಊರಲ್ಲಿ "ಕೊಟ್ಟಿದ್ದು" ಅಂತ ಬರೀತಿದ್ರು, ಸರ್ಟಿಫಿಕೇಟ್‌ಗಳಲ್ಲಿ "ಗಿವನ್ ಅಂಡರ್ ಮೈ ಹ್ಯಾಂಡ್ ಅಂಡ್ ಸೀಲ್" ಅಂತ ಇರುತ್ತಲ್ಲ ಹಾಗೆ. ಡೋಸ್ ಅಂದ್ರೆ ಡಾಕ್ಟ್ರು ಕೊಟ್ಟಿದ್ದು, ಆಂಟಿಡೋಟ್ ಅಂದ್ರೆ ವಿಷಕ್ಕೆ ಎದುರಾಗಿ ಕೊಟ್ಟಿದ್ದು, ಆನೆಕ್‌ಡೋಟ್ ಅಂದ್ರೆ ಮೂಲದಲ್ಲಿ ಹೊರಗೆ ಕೊಡದೇ ಇರೋ ಸಂಗತಿ. ಥಿಯೋಡರ್ ಅನ್ನೋ ಹೆಸರು ನಮ್ಮ ದೇವದತ್ತಾನೇ, ದೇವರು ಕೊಟ್ಟೋನು. ಮಗು ದತ್ತು ತಗೊಳ್ಳೋದ್ರಲ್ಲಿ ಇರೋ ದತ್ತು, ದತ್ತಾತ್ರೇಯನ ದತ್ತ, ಮೇಲೆ ಹೇಳಿದ ಎಂಡೋ, ಎಲ್ಲಾ ಒಂದೇ ಕುಲ.

ಗ್ರಾಂಟ್ ಬೇರೆ ಕುಲ, ನಂಬು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚ್ ದಾರಿ ಹಿಡಿದು ಬಂದಿದ್ದು, ಕ್ರೆಡಿಟ್‌ನ ಅಣ್ಣ ತಮ್ಮ. ಅದರ ಸಂಸ್ಕೃತದ ನೆಂಟ ಯಾರು ಗೊತ್ತಾ, ಶ್ರದ್ಧೆ.

ಪ್ರ: ಜರ್ಮನ್‌ನಲ್ಲಿ ಗಿಫ್ಟ್ ಅಂದ್ರೆ ವಿಷ ಅಂತೆ, ನಿಜಾನಾ?

ನಿಜ. ಅಲ್ಲೂ ಮೊದಲು ಕೊಟ್ಟಿದ್ದು ಅಂತಾನೇ ಅರ್ಥ ಇತ್ತು, ಗ್ರೀಕ್‌ನ ಡೋಸ್‌ನ ಮಕ್ಕಿಕಾಮಕ್ಕಿ ಮಾಡಿ ಔಷಧಿ ಕೊಟ್ಟಿದ್ದಕ್ಕೆ ಬಳಸಿ, ಕೊನೆಗೆ ವಿಷಕ್ಕೆ ನಿಂತ್ಕೊಳ್ತು. ಸ್ವೀಡನ್ ಕಡೆ ಗಿಫ್ಟ್ ಅಂದ್ರೆ ವಿಷಾನೂ ಹೌದು, ಮದುವೆಯಾದೋರು ಅಂತಾನೂ ಹೌದು. ಇದಕ್ಕೆ ಕ್ಲಾಸಲ್ಲಿ ಬರೋ ಜೋಕುಗಳನ್ನ ಇಲ್ಲಿ ಬರೆಯಲ್ಲ, ನಮ್ಮನೆಯೋರೂ ಓದ್ತಾರೆ.

ಪ್ರ: ಮುಯ್ಯಿ, ಬಾಗಿನ, ಮಡಿಲಕ್ಕಿ, ಇವಕ್ಕೆ ಇಂಗ್ಲಿಷ್ ಏನು?

ಇಲ್ಲ. ಮುಯ್ಯಿನ ಗಿಫ್ಟ್ ಅಂದ್ರೆ ಅರ್ಧ ಸುಳ್ಳು, ಲೋನ್ ಅಂದ್ರೆ ಇನ್ನರ್ಧ ಸುಳ್ಳು. ನೋಟ್‌ಬುಕ್ಕಲ್ಲಿ ಯಾರು ಎಷ್ಟು ಅಂತ ಬರೆದಿಡ್ತೀವಿ, ಅವರ ಮನೆ ಮದುವೆಗೆ ನೂರೋ ಐವತ್ತೋ ಸೇರಿಸಿ ಹಿಂದಿರುಗಿಸ್ತೀವಿ, ಆದ್ರೆ ಯಾರೂ ಬಾಯಿ ಬಿಟ್ಟು ಕೇಳಲ್ಲ. ಮೇಲೆ ಹೇಳಿದ ಮೂರು ಪ್ರಶ್ನೆಯಲ್ಲಿ ಮೊದಲನೇದೇ ಇಲ್ಲಿ ಕೆಲಸ ಮಾಡಲ್ಲ. ಮುಯ್ಯಿ ಅಂತಾನೇ ಬರೆದು ಒಂದು ಸಾಲು ವಿವರಣೆ ಹಾಕಿ. ಬಾಗಿನಕ್ಕೂ ಅಷ್ಟೇ, ಮೊರದಲ್ಲಿ ಏನೇನಿರುತ್ತೆ ಅಂತ ಹೇಳಿ.

ಪ್ರ: ಅಂಗಡಿಯಲ್ಲಿ "ಗಿವ್ ಮಿ ಒನ್ ಕಾಫಿ" ಅಂದೆ, ಹುಡುಗಿ ಮುಖ ಸಿಂಡರಿಸಿದ್ಲು. ಏನು ತಪ್ಪು?

ವ್ಯಾಕರಣ ಸರಿ ಇದೆ. ನಾವು "ಒಂದು ಕಾಫಿ ಕೊಡಿ" ಅಂದಾಗ ಆ "ಇ" ನಲ್ಲೇ ಮರ್ಯಾದೆ ಇದೆ, ಇಂಗ್ಲಿಷ್‌ನ ಗಿವ್‌ಗೆ ಆ ಬಾಲ ಇಲ್ಲ, ಹಾಗಾಗಿ ಅದು "ಕೊಡೇ ಒಂದು ಕಾಫಿ" ಅಂತ ಕೇಳ್ಸುತ್ತೆ. ಅವರು ಕೊಡು ಅನ್ನೋದನ್ನೇ ಪಕ್ಕಕ್ಕಿಟ್ಟು "ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್" ಅಂತಾರೆ. ಅದಷ್ಟು ಬಾಯಿಪಾಠ ಮಾಡ್ಕೊಳ್ಳಿ, ಏರ್‌ಪೋರ್ಟಿಂದಾನೇ ಬೇಕಾಗುತ್ತೆ.